65,000 ರೂಪಾಯಿಯ ಗೇಮಿಂಗ್ ಪಿಸಿ: ಪೊನ್ನಂಪೇಟೆ ಕಡೆಯ ಒಂದು ತೋಟದ ಮನೆಯ ಪ್ರಕರಣ

ಹುಡುಗನ ಹೆಸರು, ಮನೆತನದ ಹೆಸರು, ಊರು ಯಾವುದನ್ನೂ ಇಲ್ಲಿ ಬರೆದಿಲ್ಲ. ಕೊಡಗಿನಲ್ಲಿ ಮನೆತನದ ಹೆಸರು ಹೇಳಿದರೆ ಸಾಕು, ಯಾರ ಮಗ, ಯಾವ ತೋಟ ಅಂತ ಅರ್ಧ ಜಿಲ್ಲೆಗೆ ಗೊತ್ತಾಗಿಬಿಡುತ್ತದೆ. ಪೊನ್ನಂಪೇಟೆ ಕಡೆಯ ಒಂದು ಹಳ್ಳಿ ಅಂದುಕೊಳ್ಳಿ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಬೆಲೆಗಳೆಲ್ಲ 2024ರ ಮಾರ್ಚ್‌ನಲ್ಲಿ ಅವರು ಕೊಟ್ಟದ್ದು. ಈಗ ಅಂಗಡಿಗೆ ಹೋದರೆ ಅದೇ ಬೆಲೆ ಸಿಗುವುದಿಲ್ಲ. ಯಾವುದಕ್ಕೆ ಹಣ ಹಾಕಿದರು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದನ್ನು ಗಮನಿಸಿ.

ನಾನು ದಕ್ಷಿಣ ಕೊಡಗಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಕೇಳಿದವರಿಗೆ ಹೊಸ ಪಿಸಿ ಜೋಡಿಸಿಯೂ ಕೊಡುತ್ತೇನೆ. ದೊಡ್ಡ ಪಟ್ಟಣದ ಮನೆಗಳಿಗಾಗಿ ಮಾಡಿದ ಪಾರ್ಟ್ಸ್ ಪಟ್ಟಿಯನ್ನು ಹಾಗೇ ಇಲ್ಲಿಗೆ ತಂದು ಕಷ್ಟಪಟ್ಟವರನ್ನು ತುಂಬ ನೋಡಿದ್ದೇನೆ. ನಮ್ಮ ಕಡೆ ಗೇಮಿಂಗ್ ಪಿಸಿಯ ಲೆಕ್ಕ ಗೋಡೆಯ ಪ್ಲಗ್‌ನಿಂದಲೇ ಶುರುವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮನೆ, ಹಣ, ಆಸೆ

ಹುಡುಗ ಡಿಗ್ರಿ ಎರಡನೇ ವರ್ಷ ಓದುತ್ತಿದ್ದ. ಅಪ್ಪನಿಗೆ ಸಣ್ಣ ತೋಟ. ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಒಳ್ಳೆಮೆಣಸು. ಆ ವರ್ಷ ರೊಬಸ್ಟಾಗೆ ತುಂಬ ಒಳ್ಳೆಯ ಬೆಲೆ ಬಂದಿತ್ತು. ಕಾಫಿ ಕಣದಲ್ಲಿ ಒಣಗಿ, ಮಾರಾಟವಾಗಿ, ಕೂಲಿ ಲೆಕ್ಕ ಮುಗಿದ ಮೇಲೆ ಅಪ್ಪ ಒಪ್ಪಿದರು. 65,000 ರೂಪಾಯಿ, ಅದರ ಮೇಲೆ ಕೇಳಬಾರದು. ಮಾನಿಟರ್ ಕೂಡ ಅದರಲ್ಲೇ ಬರಬೇಕು. ಕೀಬೋರ್ಡ್, ಮೌಸ್ ಮಾತ್ರ ದೊಡ್ಡಪ್ಪನ ಮಗನ ಹಳೆಯದು ಸಿಕ್ಕಿತ್ತು.

ಪಾರ್ಟ್ಸ್ ಮಾತು ತೆಗೆಯುವ ಮೊದಲು ಯಾವ ಗೇಮ್ ಆಡುತ್ತೀಯಾ ಅಂತ ಕೇಳಿದೆ. ಗೆಳೆಯರ ಜೊತೆ ವ್ಯಾಲರಂಟ್, ಒಬ್ಬನೇ ಇದ್ದಾಗ ಜಿಟಿಎ 5, ಆಮೇಲೆ ಫೋರ್ಜಾ ಹೊರೈಜನ್ 5. ವಿಡಿಯೋ ಎಡಿಟಿಂಗ್ ಇಲ್ಲ, ತ್ರೀಡಿ ಕೆಲಸ ಇಲ್ಲ. ಕಾಲೇಜಿನ ಪ್ರಾಜೆಕ್ಟ್ ಇದೆ. 24 ಇಂಚಿನ ಫುಲ್ ಎಚ್‌ಡಿ ಪರದೆ ಸಾಕು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಎಷ್ಟು ಶಕ್ತಿಯ ಗ್ರಾಫಿಕ್ಸ್ ಕಾರ್ಡ್ ಬೇಕು ಅನ್ನುವುದು ಗೇಮ್ ಮತ್ತು ಪರದೆಯಿಂದಲೇ ನಿರ್ಧಾರವಾಗುತ್ತದೆ. ಉಳಿದ ಪಾರ್ಟ್‌ಗಳು ಆ ಕಾರ್ಡಿನ ಹಿಂದೆ ಬರುತ್ತವೆ.

ಮೊದಲ ಸೆಳೆತ: 38,000ದ 'ಐ7 ಗೇಮಿಂಗ್ ಪಿಸಿ'

ಅಪ್ಪನ ಮನಸ್ಸಿನಲ್ಲಿ ಬೇರೆಯದೇ ಇತ್ತು. ಒಂದು ಅಂಗಡಿಯವರು ರೆಡಿ ಸೆಟ್ ತೋರಿಸಿದ್ದರು. ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಗಾಜಿನ ಕ್ಯಾಬಿನೆಟ್, ಒಳಗೆಲ್ಲ ಬಣ್ಣದ ಲೈಟು. ಮಾನಿಟರ್ ಸೇರಿ 38,000. "65,000 ಯಾಕೆ ಹಾಕಬೇಕು, ಇದೂ ಐ7 ಅಲ್ವಾ?" ಅಂತ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ದುಡ್ಡು ಕೊಡುವವರು ಕೇಳಲೇಬೇಕು.

ಐ7 ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ, ಅದರ ಮುಂದಿನ ನಂಬರ್ ನೋಡಬೇಕು. ಹುಡುಗ ಅಂಗಡಿಗೆ ಹೋಗಿ ಫೋಟೋ ತೆಗೆದು ಕಳಿಸಿದ. ಪ್ರೊಸೆಸರ್ ಐ7-3770. ಅದು 2012ರಲ್ಲಿ ಬಂದದ್ದು. ಗ್ರಾಫಿಕ್ಸ್ ಕಾರ್ಡ್ ಜಿಟಿ 730, 2014ರದ್ದು. ಮೇಲೆ ಹೊಸ ಕ್ಯಾಬಿನೆಟ್, ಒಳಗೆ ಹತ್ತು ವರ್ಷ ದಾಟಿದ ಸಾಮಾನು. ಕಾರ್ಡಿನಲ್ಲಿ 4 ಜಿಬಿ ಮೆಮೊರಿ ಇದೆ ಅಂದ ಮಾತ್ರಕ್ಕೆ ಗೇಮ್ ಓಡುವುದಿಲ್ಲ, ಚಿಪ್‌ಗೆ ಶಕ್ತಿ ಬೇಕು. ಜಿಟಿ 730ರಲ್ಲಿ ಆ ಶಕ್ತಿ ಇಲ್ಲ.

ಇನ್ನೂ ದೊಡ್ಡ ತೊಂದರೆ ಒಂದಿತ್ತು. ಆ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಕೆಲವನ್ನು ಬಿಟ್ಟರೆ ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಮೇಲಿನವಕ್ಕೆ ಮಾತ್ರ ಅಲ್ಲಿ ಜಾಗ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕಾದರೆ ಟಿಪಿಎಂ 2.0 (ಪಿಸಿಯೊಳಗಿನ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ವ್ಯವಸ್ಥೆ) ಎರಡೂ ಬೇಕು. ಹಳೆಯ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಮಾಮೂಲಿ ಅಪ್‌ಡೇಟ್ ಇರುವುದಿಲ್ಲ ಅಂತ ಮೈಕ್ರೋಸಾಫ್ಟ್ ಆಗಲೇ ಹೇಳಿತ್ತು. ಅಂದರೆ ಹುಡುಗ ಅತಿ ಹೆಚ್ಚು ಆಡುವ ಗೇಮೇ ಆ ಪೆಟ್ಟಿಗೆಯಲ್ಲಿ ಜಾಸ್ತಿ ದಿನ ನಿಲ್ಲುವಂತಿರಲಿಲ್ಲ. ಇದನ್ನು ವರ್ಷದ ಲೆಕ್ಕದಲ್ಲಿ ಹೇಳಿದಾಗ ಅಪ್ಪನಿಗೆ ಕೂಡಲೇ ಅರ್ಥವಾಯಿತು. ಆ ಮಾತು ಅಲ್ಲಿಗೆ ಮುಗಿಯಿತು.

ಹುಡುಗನ ಪಟ್ಟಿ

ಹುಡುಗನ ಹತ್ತಿರ ತಾನೇ ಮಾಡಿದ ಪಟ್ಟಿ ಇತ್ತು. ರೈಜನ್ 5 5600 ಪ್ರೊಸೆಸರ್, ಬಿ450 ಬೋರ್ಡ್ (ಎಲ್ಲ ಪಾರ್ಟ್ ಕೂರುವ ಮದರ್‌ಬೋರ್ಡ್), ಆರ್‌ಟಿಎಕ್ಸ್ 3050 ಕಾರ್ಡ್, 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, 1 ಟಿಬಿ ಎಸ್‌ಎಸ್‌ಡಿ (ಗೇಮ್, ಫೈಲ್ ಇಡುವ ಡಿಸ್ಕ್), ಪವರ್ ಸಪ್ಲೈ (ಗೋಡೆಯ ಕರೆಂಟನ್ನು ಪಾರ್ಟ್‌ಗಳಿಗೆ ಹೊಂದಿಸಿ ಕೊಡುವ ಪೆಟ್ಟಿಗೆ) ಜೊತೆಗೇ ಬರುವ ಕ್ಯಾಬಿನೆಟ್, 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ) ಮಾನಿಟರ್. ಒಟ್ಟು 64,500. ಯುಪಿಎಸ್ ಅನ್ನುವ ಸಾಲೇ ಇರಲಿಲ್ಲ. "ಮನೇಲಿ ಇನ್ವರ್ಟರ್ ಇದೆಯಲ್ಲ ಅಣ್ಣ" ಅಂದ.

ಪಟ್ಟಿ ಕೆಟ್ಟದ್ದೇನಲ್ಲ. ಓದಿ, ಹೋಲಿಸಿ ಮಾಡಿದ್ದ. ಕೂತು ಒಂದೊಂದೇ ಸಾಲು ನೋಡಿದೆವು.

ಗ್ರಾಫಿಕ್ಸ್ ಕಾರ್ಡ್ ಮೊದಲು. ಆರ್‌ಟಿಎಕ್ಸ್ 3050 ಹೆಸರಿನಲ್ಲಿ ಆಗ ಎರಡು ಕಾರ್ಡ್ ಸಿಗುತ್ತಿದ್ದವು. 2022ರಲ್ಲಿ ಬಂದ 8 ಜಿಬಿಯದ್ದು ಒಂದು, 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯದ್ದು ಇನ್ನೊಂದು. ಹೆಸರು ಒಂದೇ ಆದರೂ ಎರಡನೆಯದರ ಶಕ್ತಿ ಕಡಿಮೆ. 8 ಜಿಬಿಯ 3050ಗೆ ಕೇಳುತ್ತಿದ್ದ ಹಣಕ್ಕೆ ಎಎಂಡಿಯ ಆರ್‌ಎಕ್ಸ್ 6600 ಸಿಗುತ್ತಿತ್ತು. ಅದರಲ್ಲೂ 8 ಜಿಬಿ ಮೆಮೊರಿ ಇದೆ, 132 ವಾಟ್ ಕರೆಂಟ್ ಸಾಕು, ಫುಲ್ ಎಚ್‌ಡಿಯಲ್ಲಿ 3050ಗಿಂತ ಸ್ಪಷ್ಟವಾಗಿ ವೇಗ. ಹುಡುಗ ಬ್ಲೆಂಡರ್‌ನಂಥ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವನಾಗಿದ್ದರೆ 3050 ಮಾಡುವ ಎನ್‌ವಿಡಿಯಾ ಕಡೆಗೇ ಹೋಗು ಅನ್ನುತ್ತಿದ್ದೆ, ಅಲ್ಲಿ ಅದರ ಸಾಫ್ಟ್‌ವೇರ್ ಬೆಂಬಲ ಚೆನ್ನಾಗಿದೆ. ಇವನಿಗೆ ಬೇಕಾದದ್ದು ಗೇಮ್ ಮಾತ್ರ. ಆರ್‌ಎಕ್ಸ್ 6600 ಅಂತ ಬರೆದೆವು.

ಮಧ್ಯೆ ಇನ್ನೊಂದು ಯೋಚನೆ ಬಂತು. ಬೆಂಗಳೂರಿನಲ್ಲಿ ಯಾರೋ ಹಳೆಯ ಆರ್‌ಎಕ್ಸ್ 580 ಮಾರುತ್ತಿದ್ದರು, 7,000ಕ್ಕೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ನಿಂತ ಮೇಲೆ ಇಂಥ ಕಾರ್ಡ್‌ಗಳು ಮಾರುಕಟ್ಟೆಗೆ ರಾಶಿ ಬಂದವು. ಮೈನಿಂಗ್‌ನಲ್ಲಿ ದುಡಿದ ಕಾರ್ಡ್ ಎಲ್ಲವೂ ಹಾಳಾಗಿರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬಿಲ್ ಇಲ್ಲ, ವಾರಂಟಿ ಇಲ್ಲ. ಕೆಟ್ಟರೆ ಅಲ್ಲಿಯವರೆಗೆ ಹೋಗಿ ಜಗಳ ಆಡುವವರು ಯಾರು? 185 ವಾಟ್ ಎಳೆಯುವ, 2017ರಲ್ಲಿ ಬಂದ ಕಾರ್ಡ್ ಅದು. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್ ಪಕ್ಕದಲ್ಲಿ ಮನೆ ಇರುವವರು ಈ ಆಟ ಆಡಬಹುದು. ಹುಡುಗನೇ ಬೇಡ ಅಂದ.

ಪ್ರೊಸೆಸರ್ ವಿಷಯದಲ್ಲಿ ಮಾತು ಜಾಸ್ತಿ ಆಯಿತು. ರೈಜನ್ 5 5600 ಆರು ಕೋರ್‌ನದ್ದು (ಒಟ್ಟಿಗೆ ದುಡಿಯುವ ಆರು ಭಾಗ), ಒಳ್ಳೆಯ ಪ್ರೊಸೆಸರ್. ಆದರೆ ಬಿ450 ಬೋರ್ಡ್ ಅದಕ್ಕಿಂತ ತುಂಬ ಮೊದಲು ಬಂದದ್ದು. ಗೋದಾಮಿನಲ್ಲಿ ಹಳೆಯ ಬಯೋಸ್ (ಬೋರ್ಡ್‌ನೊಳಗಿನ, ಪಿಸಿಯನ್ನು ಶುರು ಮಾಡುವ ಸಾಫ್ಟ್‌ವೇರ್) ಜೊತೆ ಕೂತಿದ್ದ ಬೋರ್ಡ್ ಕೈಗೆ ಬಂದರೆ ಪಿಸಿ ಆನ್ ಆಗುವುದಿಲ್ಲ. ಪೇಟೆಯಲ್ಲಾದರೆ ಬೇರೆ ಪ್ರೊಸೆಸರ್ ಹಾಕಿ ಬಯೋಸ್ ಅಪ್‌ಡೇಟ್ ಮಾಡಿಸಬಹುದು. ತೋಟದ ಮನೆಯಲ್ಲಿ ಇನ್ನೊಂದು ಪ್ರೊಸೆಸರ್ ಎಲ್ಲಿಂದ ತರುವುದು? ಇಂಟೆಲ್ ಐ3-12100 ನಾಲ್ಕೇ ಕೋರ್, ಎಂಟು ಥ್ರೆಡ್. ಎಚ್610 ಬೋರ್ಡ್ ಅದೇ ತಲೆಮಾರಿನ ಜೊತೆ ಬಂದದ್ದು, ಪೆಟ್ಟಿಗೆಯಿಂದ ತೆಗೆದ ಕೂಡಲೇ ಕೆಲಸ ಮಾಡುತ್ತದೆ. ಇನ್ನೊಂದು ಅನುಕೂಲವೂ ಇದೆ. ಆರ್‌ಎಕ್ಸ್ 6600 ಬೋರ್ಡ್ ಜೊತೆ ಡೇಟಾ ಸಾಗಿಸಲು ಎಂಟೇ ದಾರಿ (ಲೇನ್) ಇರುವ ಕಾರ್ಡ್. ಎಚ್610ರಂತೆ ಆ ದಾರಿ ವೇಗದ ಪಿಸಿಐ 4.0 ಮಾದರಿಯದ್ದಾಗಿರುವ ಬೋರ್ಡ್‌ನಲ್ಲಿ ಅದಕ್ಕೆ ಪೂರ್ತಿ ವೇಗ ಸಿಗುತ್ತದೆ, ಬಿ450ಯಲ್ಲಿ 3.0 ಮಾತ್ರ.

ಐ3 ಅಂದ ಕೂಡಲೇ ಹುಡುಗನ ಮುಖ ಸಣ್ಣದಾಯಿತು. ಗೆಳೆಯರ ಮುಂದೆ ಹೇಳಿಕೊಳ್ಳಲು ಕಷ್ಟ, ನನಗೆ ಅರ್ಥವಾಗುತ್ತದೆ. ಆದರೆ ಅವನ ಮೂರೂ ಗೇಮ್‌ಗಳಿಗೆ ಈ ಪ್ರೊಸೆಸರ್ ಸಾಕು, ಮುಂದೆ ಅದೇ ಬೋರ್ಡ್‌ಗೆ ಆರು ಕೋರ್‌ನ ಐ5-12400 ಹಾಕಿಕೊಳ್ಳಬಹುದು. ಒಪ್ಪಿದ.

ಆಮೇಲೆ ಎಫ್ ಪ್ರಶ್ನೆ. ಐ3-12100ಎಫ್‌ಗೆ 8,400, ಎಫ್ ಇಲ್ಲದ್ದಕ್ಕೆ 10,200. ಎಫ್ ಇರುವ ಇಂಟೆಲ್ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಹೇಗೂ ಕೊಳ್ಳುತ್ತೇವಲ್ಲ, 1,800 ಉಳಿಸು ಅಂತಲೇ ಎಲ್ಲರೂ ಹೇಳುವುದು. ನಾನು ಇಲ್ಲಿ ಗಟ್ಟಿಯಾಗಿ ನಿಂತೆ. ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಮೈಸೂರು, ಅಲ್ಲಿಂದ ಸರ್ವಿಸ್ ಸೆಂಟರ್, ವಾಪಸ್ ಬರುವಷ್ಟರಲ್ಲಿ ವಾರಗಟ್ಟಲೆ. ಅಷ್ಟು ದಿನ ಪರದೆಯೇ ಬರದ ಪಿಸಿ ಇಟ್ಟುಕೊಂಡು ಕಾಲೇಜಿನ ಪ್ರಾಜೆಕ್ಟ್ ಹೇಗೆ ಮಾಡುತ್ತಾನೆ? ಎಫ್ ಇಲ್ಲದ್ದನ್ನೇ ತೆಗೆದುಕೊಂಡರು.

ರ‍್ಯಾಮ್ ಬೇಗ ಮುಗಿಯಿತು. 16ರ ಒಂದು ಕಡ್ಡಿ ಬದಲು 8ರ ಎರಡು. ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್, ಅಂದರೆ ಡೇಟಾಗೆ ಎರಡು ದಾರಿ ಸಿಗುತ್ತದೆ, ಗೇಮ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ಎಚ್610ರಲ್ಲಿ ಎರಡೇ ಸ್ಲಾಟ್, ಹಾಗಾಗಿ ಮುಂದೆ 32 ಜಿಬಿ ಬೇಕಾದರೆ ಈ ಎರಡನ್ನೂ ತೆಗೆಯಬೇಕಾಗುತ್ತದೆ. ಅದನ್ನು ತಿಳಿದೇ ಒಪ್ಪಿಕೊಂಡೆವು.

ಪವರ್ ಸಪ್ಲೈ ಲೇಬಲ್

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ ಇದು.

ಕ್ಯಾಬಿನೆಟ್ ಜೊತೆ ಬರುವ ಪವರ್ ಸಪ್ಲೈ ಮೇಲೆ ದೊಡ್ಡ ಅಕ್ಷರದಲ್ಲಿ 500 ವಾಟ್ ಅಂತ ಇತ್ತು. ಲೇಬಲ್‌ನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ 18 ಆಂಪ್ಸ್ ಅಂತ ಬರೆದಿತ್ತು. 12 ಗುಣಿಸು 18, ಅಂದರೆ 216 ವಾಟ್. ಇವತ್ತಿನ ಪಿಸಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಈ 12 ವೋಲ್ಟ್ ಸಾಲಿನಿಂದಲೇ ಬದುಕುವುದು. ಕಾರ್ಡ್ 132, ಪ್ರೊಸೆಸರ್ ಜೋರಾಗಿ ಓಡಿದಾಗ 89. ಎರಡೇ ಸೇರಿ 221. ಅಂಗಡಿಯಲ್ಲಿ ನಿಂತು ಹುಡುಗನೇ ಮೊಬೈಲ್‌ನಲ್ಲಿ ಈ ಲೆಕ್ಕ ಮಾಡಿದ. ಆ ಕ್ಯಾಬಿನೆಟ್ ಸೆಟ್ ಅಲ್ಲೇ ಬಿಟ್ಟ.

ಪ್ರತ್ಯೇಕ ಪವರ್ ಸಪ್ಲೈಗಳಲ್ಲಿ ಎರಡು ಉಳಿದವು. ಎರಡೂ 550 ವಾಟ್, ಎರಡೂ 80 ಪ್ಲಸ್ ಬ್ರಾಂಜ್ (ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಅನ್ನುವ ದರ್ಜೆ), ಬೆಲೆಯಲ್ಲಿ 300 ರೂಪಾಯಿ ವ್ಯತ್ಯಾಸ. ಕಡಿಮೆ ಬೆಲೆಯದರ ಇನ್‌ಪುಟ್ ಎದುರಿಗೆ 200–240 ವೋಲ್ಟ್ ಅಂತ ಇತ್ತು. ಇನ್ನೊಂದರ ಮೇಲೆ 100–240.

ಇದು ಯಾಕೆ ದೊಡ್ಡ ವಿಷಯ ಅಂದರೆ, ನಮ್ಮಲ್ಲಿ ಫೆಬ್ರವರಿ, ಮಾರ್ಚ್ ಅಂದರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವ ಕಾಲ. ಹೂಮಳೆಗೆ ಕಾಯುತ್ತಾ ಕೂತರೆ ಹೂವು ಅರಳುವುದು ಮಳೆಯ ಮರ್ಜಿ. ಹಾಗಾಗಿ ಕೆರೆಯಿಂದ, ಹೊಳೆಯಿಂದ ನೀರು ಎತ್ತುತ್ತಾರೆ. ಡೀಸೆಲ್ ಪಂಪ್ ಇರುವವರು ಇದ್ದಾರೆ, ಕರೆಂಟ್ ಮೋಟರ್ ಇರುವವರೂ ಇದ್ದಾರೆ. ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ನಾಲ್ಕು ಮೋಟರ್ ಓಡಿದರೆ ಲೈನ್‌ನ ತುದಿಯ ಮನೆಯಲ್ಲಿ ಬಲ್ಬ್ ಮಂಕಾಗುತ್ತದೆ. ಆ ಮನೆಯಲ್ಲಿ ಸಂಜೆ ಏಳರ ಹೊತ್ತಿಗೆ ಮಲ್ಟಿಮೀಟರ್ ಇಟ್ಟು ನೋಡಿದೆ. 230 ಇರಬೇಕಾದಲ್ಲಿ 176 ತೋರಿಸಿತು. ಫ್ರಿಜ್ ಆನ್ ಆದಾಗ ಇನ್ನೂ ಇಳಿಯಿತು.

200–240ರ ಪವರ್ ಸಪ್ಲೈಗೆ 176 ಅಂದರೆ ಅದರ ಮಿತಿಯ ಹೊರಗೆ. ಆನ್ ಆಗದೇ ಇರಬಹುದು, ಗೇಮ್ ನಡುವೆ ಆಫ್ ಆಗಬಹುದು, ಆಯುಷ್ಯ ಕಡಿಮೆಯಾಗಬಹುದು. 300 ರೂಪಾಯಿ ಜಾಸ್ತಿ ಕೊಟ್ಟು 100–240ರದ್ದನ್ನು ತೆಗೆದುಕೊಂಡರು. ಪಾರ್ಟ್ಸ್ ಬಗ್ಗೆ ಮಾತಾಡುವವರು ವಾಟ್ ನೋಡಿ, ಬ್ರಾಂಜ್ ಗೋಲ್ಡ್ ನೋಡಿ ಅನ್ನುತ್ತಾರೆ. ಇನ್‌ಪುಟ್ ವೋಲ್ಟೇಜ್ ಸಾಲನ್ನು ಓದಿ ಅಂತ ಹೇಳುವವರು ಕಡಿಮೆ. ತೋಟದ ಮನೆಯವರು ದಯವಿಟ್ಟು ಆ ಸಾಲನ್ನೇ ಮೊದಲು ಓದಿ.

ಇನ್ವರ್ಟರ್ ಸಾಕಾ, ಯುಪಿಎಸ್ ಬೇಕಾ

ಕೊನೆಯ ಪಟ್ಟಿ ಹೀಗಾಯಿತು. ಪ್ರೊಸೆಸರ್ 10,200, ಬೋರ್ಡ್ 6,800, ರ‍್ಯಾಮ್ 3,500, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ 3,500, ಗ್ರಾಫಿಕ್ಸ್ ಕಾರ್ಡ್ 20,600, ಪವರ್ ಸಪ್ಲೈ 4,200, ಮುಂದೆ ಜಾಲರಿ ಇರುವ ಸರಳ ಕ್ಯಾಬಿನೆಟ್ 2,800, 100 ಹರ್ಟ್ಸ್ ಮಾನಿಟರ್ 8,400. ಒಟ್ಟು 60,000. ವಿಂಡೋಸ್ ಲೈಸೆನ್ಸ್ ಇದರಲ್ಲಿ ಇಲ್ಲ, ಅದನ್ನು ಅವನು ಆಮೇಲೆ ತನ್ನ ದುಡ್ಡಿನಲ್ಲಿ ತೆಗೆದುಕೊಂಡ. 1 ಟಿಬಿ ಎಸ್‌ಎಸ್‌ಡಿ ಮತ್ತು 165 ಹರ್ಟ್ಸ್ ಮಾನಿಟರ್ ಬಿಟ್ಟದ್ದರಿಂದ 5,000 ಉಳಿಯಿತು.

ಆ 5,000ವನ್ನು ಹುಡುಗ ಮತ್ತೆ ಮಾನಿಟರ್‌ಗೆ ಹಾಕಬೇಕು ಅನ್ನುತ್ತಿದ್ದ. ಬೇಡ, ಕೈಯಲ್ಲೇ ಇರಲಿ, ಮೊದಲು ಇನ್ವರ್ಟರ್ ಮೇಲೆ ಓಡಿಸಿ ನೋಡೋಣ, ಓಡಿದರೆ ನಿನ್ನ ಇಷ್ಟ ಅಂದೆ. ಇಬ್ಬರಿಗೂ ಒಪ್ಪಿಗೆಯಾಯಿತು. ವಾದ ಮಾಡಿ ಗೆಲ್ಲುವುದಕ್ಕಿಂತ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು, ಮುಖ್ಯವಾಗಿ ಮನೆಯಲ್ಲಿ ಅಪ್ಪ ಮಗನ ನಡುವೆ.

ಪಾರ್ಟ್ಸ್ ಎಲ್ಲ ಮೈಸೂರಿನ ಒಂದೇ ಅಂಗಡಿಯಿಂದ, ಒಂದೇ ಬಿಲ್‌ನಲ್ಲಿ ತಂದರು. ಆನ್‌ಲೈನ್‌ನಲ್ಲಿ ಕೆಲವು ಕಡಿಮೆಗೆ ಸಿಗುತ್ತಿದ್ದವು. ಆದರೆ ಆನ್ ಆಗದಿದ್ದರೆ ತಪ್ಪು ಬೋರ್ಡ್‌ನದ್ದೋ ಪ್ರೊಸೆಸರ್‌ನದ್ದೋ ಅಂತ ಇಬ್ಬರು ಮಾರಾಟಗಾರರ ಮಧ್ಯೆ ಸಿಕ್ಕಿಕೊಳ್ಳುವುದು ಬೇಡ ಅನ್ನಿಸಿತು. ಅಂಗಡಿಯಲ್ಲೇ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಕೂರಿಸಿ ಪರದೆ ಬರುವುದನ್ನು ನೋಡಿ ಬಸ್ ಹತ್ತಿದರು. ಉಳಿದ ಜೋಡಣೆ ಮನೆಯಲ್ಲಿ, ಹುಡುಗನ ಕೈಯಲ್ಲೇ.

ಮೊದಲ ರಾತ್ರಿಯೇ ಫೋನ್ ಬಂತು. "ಅಣ್ಣ, ಮೋಸ ಆಯ್ತು. ಜಿಟಿಎ ಎಳೀತಾ ಇದೆ, ಆಡೋಕೇ ಆಗ್ತಿಲ್ಲ." ಹಿಂದಿನ ಭಾಗದ ಫೋಟೋ ಕಳಿಸು ಅಂದೆ. ಎಚ್‌ಡಿಎಂಐ ಕೇಬಲ್ ಬೋರ್ಡ್‌ನ ಪೋರ್ಟ್‌ಗೆ ಹಾಕಿದ್ದ. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರುವುದರಿಂದ ಪರದೆ ಬರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. 20,600ದ ಕಾರ್ಡ್ ಸುಮ್ನೆ ಕೂತಿತ್ತು. ಕೇಬಲ್ ಕೆಳಗಿನ ಅಡ್ಡ ಪೋರ್ಟ್‌ಗೆ, ಅಂದರೆ ಕಾರ್ಡಿಗೆ ಹಾಕಿಸಿದೆ. ಹಾಗೇ ಬಯೋಸ್‌ನಲ್ಲಿ ಎಕ್ಸ್ಎಂಪಿ (ರ‍್ಯಾಮ್ ಅನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿಸಿದೆ, ರ‍್ಯಾಮ್ 2666ರಲ್ಲಿ ಓಡುತ್ತಿದ್ದದ್ದು 3200ಕ್ಕೆ ಬಂತು. ವಿಂಡೋಸ್‌ನಲ್ಲಿ ಮಾನಿಟರ್ 60 ಹರ್ಟ್ಸ್‌ನಲ್ಲೇ ಇತ್ತು, ಅದನ್ನೂ 100ಕ್ಕೆ ಏರಿಸಿದ. ಈ ಮೂರಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಹೊಸದಾಗಿ ಜೋಡಿಸಿದ ಎಷ್ಟೋ ಪಿಸಿಗಳು ಈ ಮೂರನ್ನು ಮಾಡದೇ ವರ್ಷಗಟ್ಟಲೆ ಓಡುತ್ತಿರುತ್ತವೆ, ನೋಡಿದಾಗ ಹೊಟ್ಟೆ ಉರಿಯುತ್ತದೆ.

ಆಮೇಲೆ ಇನ್ವರ್ಟರ್ ಪರೀಕ್ಷೆ. ಮನೆಯದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಗೋಡೆಯ ಕರೆಂಟಿನ ನಯವಾದ ಅಲೆಯ ಬದಲು ಚೌಕಾಕಾರದ ಅಲೆ ಕೊಡುವಂಥದ್ದು. ಗೇಮ್ ಓಡುವಾಗ ಮೇನ್ ಸ್ವಿಚ್ ಇಳಿಸಿದೆವು. ಪಿಸಿ ರೀಸ್ಟಾರ್ಟ್ ಆಯಿತು. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ಅದನ್ನು ಯುಪಿಎಸ್‌ಗೆ ಹಾಕಿದರೆ ಬ್ಯಾಟರಿಗೆ ಬದಲಾಗುವ ಹೊತ್ತು ಕಡಿಮೆಯಾಗುತ್ತದೆ. ಹಾಕಿ ನೋಡಿದೆವು. ಡೆಸ್ಕ್‌ಟಾಪ್ ಪರದೆ ಸುಮ್ಮನೆ ಇದ್ದಾಗ ನಿಂತಿತು, ಆದರೆ ಪವರ್ ಸಪ್ಲೈ ಒಳಗಿಂದ ಗುಂಯ್ ಅನ್ನುವ ಸದ್ದು ಬಂತು. ಗೇಮ್ ಶುರು ಮಾಡಿ ಮತ್ತೆ ಸ್ವಿಚ್ ಇಳಿಸಿದರೆ ಮತ್ತೆ ರೀಸ್ಟಾರ್ಟ್. ಈಗಿನ ಒಳ್ಳೆಯ ಪವರ್ ಸಪ್ಲೈಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಗೋಡೆಯ ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ಸರ್ಕ್ಯೂಟ್) ಇರುತ್ತದೆ, ಅದಕ್ಕೂ ಸ್ಕ್ವೇರ್ ವೇವ್‌ಗೂ ಎಷ್ಟೋ ಸಲ ಹೊಂದಾಣಿಕೆ ಆಗುವುದಿಲ್ಲ. ಅದೂ ಅಲ್ಲದೆ ಇನ್ವರ್ಟರ್ ಕರೆಂಟ್ ಬದಲಿಸುವ ಹೊತ್ತಿಗೆ ಪವರ್ ಸಪ್ಲೈ ತನ್ನಲ್ಲಿರುವುದರ ಮೇಲೆ ಹಿಡಿದಿಟ್ಟುಕೊಳ್ಳುವುದು ಸೆಕೆಂಡಿನ ಸಾವಿರದಲ್ಲಿ ಹದಿನಾರು ಹದಿನೇಳು ಭಾಗದಷ್ಟು ಹೊತ್ತು ಮಾತ್ರ. ಹುಡುಗ ಏನೂ ಹೇಳದೆ 5,000 ತೆಗೆದ.

ಯುಪಿಎಸ್ ಮಾತ್ರ ಮೈಸೂರಿನಿಂದ ಬೇಡ, ಗೋಣಿಕೊಪ್ಪದಲ್ಲೇ ಕೊಳ್ಳೋಣ ಅಂದೆ. ನಾಲ್ಕು ಕಾಸು ಜಾಸ್ತಿಯಾದರೂ ಬದಲಿಸಿಕೊಡುವ ಮಾತಿನ ಮೇಲೆ ಸಿಗುತ್ತದೆ. ಕ್ಯಾಬಿನೆಟ್ ಮತ್ತು ಮಾನಿಟರ್ ಜೀಪಿನಲ್ಲಿ ಹಾಕಿಕೊಂಡು ಅಂಗಡಿಗೇ ಹೋದರು. ಗೇಮ್ ಓಡಿಸಿ, ಗೋಡೆಯ ಪ್ಲಗ್ ಕಿತ್ತು ನೋಡಿದರು. ಮೊದಲು ಕೊಟ್ಟ 600 ವಿಎ (ಯುಪಿಎಸ್‌ನ ಸಾಮರ್ಥ್ಯದ ಅಳತೆ) ಯುಪಿಎಸ್ ಕೀ ಅಂದು ಆಫ್ ಆಯಿತು. 1000 ವಿಎ, 600 ವಾಟ್‌ನದು ನಿಂತಿತು. ಮತ್ತೆ ಮತ್ತೆ ಕಿತ್ತು ನೋಡಿದರು, ಪ್ರತಿ ಸಲವೂ ನಿಂತಿತು. ಇನ್‌ಪುಟ್ 140ರಿಂದ 300 ವೋಲ್ಟ್‌ವರೆಗೆ ತಡೆಯುತ್ತದೆ. 4,900. ಯುಪಿಎಸ್ ಕೊಳ್ಳುವವರು ಹೀಗೆಯೇ ಪರೀಕ್ಷೆ ಮಾಡಿ. ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ನಿಮ್ಮ ಪವರ್ ಸಪ್ಲೈ ಜೊತೆ ಅದು ಹೊಂದುತ್ತದೋ ಇಲ್ಲವೋ ಹೇಳಲು ಆಗುವುದಿಲ್ಲ.

ಮನೆಗೆ ತಂದು ಜೋಡಿಸುವಾಗ ಇನ್ನೊಂದು ತೊಡಕು. ಆ ಕೋಣೆಯ ಪ್ಲಗ್ ಇನ್ವರ್ಟರ್ ಲೈನ್‌ನಲ್ಲಿತ್ತು. ಕರೆಂಟ್ ಹೋದರೆ ಯುಪಿಎಸ್‌ಗೆ ಸ್ಕ್ವೇರ್ ವೇವ್ ಬರುತ್ತದೆ, ಅದು ಸರಿಯಾದ ಕರೆಂಟ್ ಅಲ್ಲ ಅಂತ ತಿಳಿದು ತನ್ನ ಬ್ಯಾಟರಿಯನ್ನೇ ಖಾಲಿ ಮಾಡುತ್ತದೆ. ಎಲೆಕ್ಟ್ರಿಷಿಯನ್ ಬಂದು ಮೇಲಿನ ಮೇನ್ ಲೈನ್‌ನಿಂದ ಬೇರೆ ಪ್ಲಗ್ ಎಳೆದರು. ಅವರೇ ಅರ್ಥಿಂಗ್ ಪರೀಕ್ಷಿಸಿದರು. ಇರಲಿಲ್ಲ. ಹಿಂದಿನ ದಿನ ಅಮ್ಮ ಟೇಬಲ್ ಒರೆಸುವಾಗ ಕ್ಯಾಬಿನೆಟ್ ಮುಟ್ಟಿದ್ದರು, ಕೈ ಜುಂ ಅಂದಿತ್ತು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಪವರ್ ಸಪ್ಲೈನ ಫಿಲ್ಟರ್‌ನಿಂದ ಹೊರ ತಗಡಿಗೆ ಹೀಗೆ ಸ್ವಲ್ಪ ಕರೆಂಟ್ ಬರುತ್ತದೆ. ಅಪ್ಪ ಹೊಸ ಅರ್ಥಿಂಗ್ ಹಾಕಿಸಿದರು. "ಇದು ಕಂಪ್ಯೂಟರ್ ಲೆಕ್ಕಕ್ಕೆ ಬೇಡ, ಮನೆ ಲೆಕ್ಕಕ್ಕೆ ಬರೀರಿ" ಅಂದರು.

ಮಳೆಗಾಲ

ಗೇಮ್‌ಗಳನ್ನು ಇಳಿಸಿದ್ದು ಕುಶಾಲನಗರದಲ್ಲಿ, ಚಿಕ್ಕಮ್ಮನ ಮನೆಯ ಫೈಬರ್ ಕನೆಕ್ಷನ್‌ನಲ್ಲಿ. ಜಿಟಿಎ 5 ಒಂದೇ 100 ಜಿಬಿ ಹತ್ತಿರ ಬರುತ್ತದೆ, ತೋಟದಲ್ಲಿ ಮೊಬೈಲ್ ಡೇಟಾ ಮೇಲೆ ಅದು ಆಗುವ ಕೆಲಸ ಅಲ್ಲ. ಪಿಸಿಯನ್ನೇ ಒಯ್ದು, ಇಳಿಸಿಕೊಂಡು ತಂದ.

ಜೂನ್‌ಗೆ ಮೊದಲು ನಾನು ಇನ್ನೊಂದು ಸಲ ಮನೆಗೆ ಹೋಗಿದ್ದೆ. ಟೇಬಲ್ ಇದ್ದದ್ದು ಪಶ್ಚಿಮದ ಗೋಡೆಗೆ ತಾಗಿ. ಅದೇ ಗೋಡೆಯಲ್ಲಿ ಹಳೆಯ ಟಿವಿ ಸ್ಟೆಬಿಲೈಸರ್ ತೂಗುಹಾಕಿದ್ದರು. ಅದರ ಸ್ಕ್ರೂ ತಲೆಗಳು ಕೆಂಪಾಗಿ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ನಮ್ಮ ಮಳೆ ಪಶ್ಚಿಮದಿಂದ ಹೊಡೆಯುತ್ತದೆ, ಆ ಗೋಡೆ ಮೂರು ತಿಂಗಳು ಒಣಗುವುದೇ ಇಲ್ಲ. ಟೇಬಲ್ ಒಳಗಿನ ಗೋಡೆಗೆ, ಅಡುಗೆಮನೆಯ ಒಲೆ ಇರುವ ಬದಿಗೆ ಬಂತು. ಗೋಡೆಗೂ ಕ್ಯಾಬಿನೆಟ್‌ಗೂ ಮಧ್ಯೆ ಒಂದು ಗೇಣು ಜಾಗ. ಮಳೆಗಾಲದಲ್ಲಿ ಗೇಮ್ ಆಡದಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಪಿಸಿ ಆನ್ ಇರಬೇಕು ಅಂತ ಹೇಳಿದೆ. ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ಗುಡುಗು ಶುರುವಾದರೆ ಪ್ಲಗ್ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು.

ಆಗಸ್ಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಒಂದು ಫ್ಯಾನ್ ಟರ್ರ್ ಅಂತ ಸದ್ದು ಮಾಡಲು ಶುರು ಮಾಡಿತು. ಎರಡು ದಿನದಲ್ಲಿ ನಿಂತೇ ಹೋಯಿತು. ಬೇರಿಂಗ್ ದೋಷ ಅಂತ ಆಮೇಲೆ ಗೊತ್ತಾಯಿತು. ಬಿಲ್ ಇತ್ತು, ಮೈಸೂರಿನ ಅಂಗಡಿಯ ಮೂಲಕ ಸರ್ವಿಸ್ ಸೆಂಟರ್‌ಗೆ ಹೋಯಿತು. ಅಲ್ಲಿ ಮೊದಲು ನೋಡಿದ್ದು ತುಕ್ಕು ಇದೆಯಾ ಅಂತ. ಕಾರ್ಡಿನ ಹಿಂದಿನ ಲೋಹದ ಪಟ್ಟಿ, ಎಚ್‌ಡಿಎಂಐ ಪೋರ್ಟ್‌ನ ಅಂಚು, ಸ್ಕ್ರೂಗಳು. ತುಕ್ಕು ಕಂಡರೆ ವಾರಂಟಿ ಇಲ್ಲ ಅನ್ನುವ ಸರ್ವಿಸ್ ಸೆಂಟರ್‌ಗಳು ಇವೆ, ಮಲೆನಾಡು, ಕರಾವಳಿ, ಕೊಡಗಿನವರಿಗೆ ಇದರಿಂದಲೇ ಜಾಸ್ತಿ ಪೆಟ್ಟು. ಈ ಕಾರ್ಡ್ ಹೊಸದರಂತೆ ಹೊಳೆಯುತ್ತಿತ್ತು. ಟೇಬಲ್ ಪಶ್ಚಿಮದ ಗೋಡೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ನನಗೆ ಸಮಾಧಾನ ಆಗುತ್ತದೆ.

ಕಾರ್ಡ್ ವಾಪಸ್ ಬರಲು ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು. ಅಷ್ಟು ದಿನ ಪಿಸಿ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಮೇಲೆ ನಡೆಯಿತು. ಕಾಲೇಜಿನ ಪ್ರಾಜೆಕ್ಟ್ ನಿಲ್ಲಲಿಲ್ಲ. ವ್ಯಾಲರಂಟ್ ಕೂಡ ಎಲ್ಲ ಸೆಟ್ಟಿಂಗ್ ಕಡಿಮೆ ಮಾಡಿ ಆಡುತ್ತಿದ್ದ. 1,800 ರೂಪಾಯಿಯ ಎಫ್ ವಾದಕ್ಕೆ ಉತ್ತರ ಅಲ್ಲಿ ಸಿಕ್ಕಿತು.

ಮುಂದಿನ ಫೆಬ್ರವರಿಯಲ್ಲಿ ಮೋಟರ್‌ಗಳು ಓಡಿದಾಗ ಯುಪಿಎಸ್ ಸಂಜೆ ಹೊತ್ತು ಟಿಕ್ ಟಿಕ್ ಅಂತ ರಿಲೇ ಬದಲಿಸುತ್ತಿತ್ತು. ಪಿಸಿ ಒಂದು ಸಲವೂ ಆಫ್ ಆಗಲಿಲ್ಲ. ಅದೇ ಲೈನ್‌ನಲ್ಲಿ ಇನ್ನೊಂದು ಮನೆಯಲ್ಲಿ, ಕ್ಯಾಬಿನೆಟ್ ಜೊತೆ ಬಂದ ಪವರ್ ಸಪ್ಲೈ ಆ ತಿಂಗಳು ಸುಟ್ಟು ನನ್ನ ಮೇಜಿಗೆ ಬಂತು. ಪುಣ್ಯಕ್ಕೆ ಬೋರ್ಡ್ ಉಳಿದಿತ್ತು.

ಈಗ ಹುಡುಗನ 500 ಜಿಬಿ ತುಂಬಿದೆ. ಒಂದು ಗೇಮ್ ಹಾಕಲು ಇನ್ನೊಂದು ತೆಗೆಯುತ್ತಿದ್ದಾನೆ. ಆ ಬೋರ್ಡ್‌ನಲ್ಲಿ ಎಂ.2 ಜಾಗ (ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಸ್ಲಾಟ್) ಒಂದೇ ಇರುವುದರಿಂದ ಎರಡನೆಯದು ಕೇಬಲ್‌ನಿಂದ ಜೋಡಿಸುವ, ವೇಗ ಕಡಿಮೆಯ ಸಾಟಾ ಎಸ್‌ಎಸ್‌ಡಿಯೇ ಆಗಬೇಕು. ಗೇಮ್ ಇಡಲು ಅದು ಸಾಕು. ಒಳ್ಳೆಮೆಣಸು ಮಾರಿದ ಮೇಲೆ ನೋಡೋಣ ಅಂದಿದ್ದಾರೆ ಅಪ್ಪ.